ನಿಷೇಧಗೊಂಡ ಪ್ರಾರ್ಥನೆ: ಗಡಿನಾಡಿನಿಂದ ‘ತುಘಲಕ್’ ನಾಟಕದ ಒಂದು ಓದು

ಗಿರೀಶ ಕಾರ್ನಾಡರ ‘ತುಘಲಕ್’ (೧೯೬೪) ಕುರಿತು ಕನ್ನಡ ವಿಮರ್ಶೆ ಬಹಳಷ್ಟು ಹೇಳಿದೆ. ಆದರ್ಶವಾದಿ ಅರಸನ ಪತನವೆಂದು, ನೆಹರೂ ಯುಗದ ಭ್ರಮನಿರಸನದ ರೂಪಕವೆಂದು, ಧರ್ಮ ಮತ್ತು ರಾಜಕಾರಣದ ತಿಕ್ಕಾಟದ ಕಥೆಯೆಂದು ಅದನ್ನು ಓದಲಾಗಿದೆ. ಈ ಓದುಗಳೆಲ್ಲ ಸರಿಯೇ. ಆದರೆ ನಾಟಕದ ಉತ್ತರಾರ್ಧ ನಡೆಯುವುದು ದೌಲತಾಬಾದಿನಲ್ಲಿ, ಅಂದರೆ ಹಳೆಯ ದೇವಗಿರಿಯಲ್ಲಿ, ನಮ್ಮ ಮರಾಠವಾಡದ ನೆಲದಲ್ಲಿ ಎಂಬುದನ್ನು ನಾವು ಗಮನಿಸಿದ್ದು ಕಡಿಮೆ. ಉಮರ್ಗಾ, ನಿಲಂಗಾ, ಉದಗೀರಗಳ ಕನ್ನಡಿಗರಿಗೆ ಇದು ದೂರದ ದಿಲ್ಲಿಯ ಕಥೆಯಷ್ಟೇ ಅಲ್ಲ. ಈ ಸೀಮೆಯ ಚರಿತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ನಾಟಕದಲ್ಲಿ ಮತ್ತೊಂದು ಪ್ರಶ್ನೆ ಎದ್ದುಕಾಣುತ್ತದೆ: ರಾಜ್ಯಕ್ಕೆ ನಿಜವಾದ ಅಪಾಯ ಎದುರಾದಾಗ, ಅದರ ನಿವಾರಣೆಗಾಗಿ ಪ್ರಜೆಗಳ ಸ್ವಾತಂತ್ರ್ಯವನ್ನು ಎಷ್ಟರಮಟ್ಟಿಗೆ ಮೊಟಕುಗೊಳಿಸಬಹುದು? ಇಂದು ಭಯೋತ್ಪಾದನೆ ತಡೆಯುವ ಕಾನೂನುಗಳ ಸುತ್ತ ನಡೆಯುತ್ತಿರುವ ಚರ್ಚೆಯೂ ಇದೇ.

ನಾಟಕದ ನಡುಭಾಗದ ಪ್ರಸಂಗವನ್ನು ನೆನಪಿಸಿಕೊಳ್ಳೋಣ. ದಿನಕ್ಕೆ ಐದು ಬಾರಿ ಪ್ರಾರ್ಥನೆಯನ್ನು ಕಡ್ಡಾಯಗೊಳಿಸಿದ ಸುಲ್ತಾನನನ್ನು ಪ್ರಾರ್ಥನೆಯ ಹೊತ್ತಿನಲ್ಲಿಯೇ ಕೊಲ್ಲಲು ಅಮೀರರು ಸಂಚು ಹೂಡುತ್ತಾರೆ. ಆ ಹೊತ್ತಿನಲ್ಲಿ ಯಾರ ಕೈಯಲ್ಲಿಯೂ ಆಯುಧವಿರುವುದಿಲ್ಲ ಎಂಬುದು ಅವರ ಲೆಕ್ಕ. ಒಳಗಿನವನೊಬ್ಬನಿಂದ ಸುಳಿವು ಸಿಕ್ಕಿ ಸಂಚು ಮುರಿದುಬೀಳುತ್ತದೆ. ಸಂಚುಗಾರರನ್ನು ಹಿಡಿದದ್ದಾಯಿತು, ಅವರಿಗೆ ಮರಣದಂಡನೆಯೂ ಆಯಿತು. ಅಲ್ಲಿಗೆ ರಾಜ್ಯದ ಭದ್ರತೆಯ ಕೆಲಸ ಮುಗಿಯಬೇಕಿತ್ತು. ಆದರೆ ಮುಹಮ್ಮದ ಅಲ್ಲಿಗೆ ನಿಲ್ಲುವುದಿಲ್ಲ. ಇನ್ನು ಮುಂದೆ ತನ್ನ ರಾಜ್ಯದಲ್ಲಿ ಪ್ರಾರ್ಥನೆಯೇ ಕೂಡದೆಂದು ಆಜ್ಞೆ ಹೊರಡಿಸುತ್ತಾನೆ. ಬೆರಳೆಣಿಕೆಯ ಅಮೀರರ ಅಪರಾಧಕ್ಕೆ ಇಡೀ ರಾಜ್ಯ ದೇವರೆದುರು ಬಾಗುವ ಹಕ್ಕನ್ನು ಕಳೆದುಕೊಳ್ಳುತ್ತದೆ.

ಇಲ್ಲಿ ಕಾರ್ನಾಡರು ಎರಡು ಸೂಕ್ಷ್ಮಗಳನ್ನು ಕಂಡಿದ್ದಾರೆ. ಮೊದಲನೆಯದು, ಸಂಚು ಸುಳ್ಳಲ್ಲ. ನಾಟಕಕಾರ ಮನಸ್ಸು ಮಾಡಿದ್ದರೆ ಸುಲ್ತಾನನ ಭಯವನ್ನು ಬರೀ ಭ್ರಮೆಯೆಂದು ಚಿತ್ರಿಸಿ ನಮ್ಮ ತೀರ್ಪನ್ನು ಹಗುರಗೊಳಿಸಬಹುದಿತ್ತು. ಹಾಗೆ ಮಾಡದೆ ಕಠಾರಿಗಳನ್ನು ರಂಗದ ಮೇಲೆಯೇ ತೋರಿಸಿದ್ದಾರೆ. ಎರಡನೆಯದು, ಅಪಾಯ ಕಳೆದ ಮೇಲೆಯೂ ನಿಷೇಧ ಉಳಿಯುತ್ತದೆ. ಪ್ರಾರ್ಥನೆ ಮತ್ತೆ ಆರಂಭವಾಗುವುದು ಯಾವ ಪರಿಶೀಲನೆಯಿಂದಲೂ ಅಲ್ಲ, ವರ್ಷಗಳ ನಂತರ ಖಲೀಫನ ವಂಶದವನೊಬ್ಬನನ್ನು ಬರಮಾಡಿಕೊಳ್ಳುವ ನೆಪದಲ್ಲಿ, ಅದೂ ಸುಲ್ತಾನನ ಮರ್ಜಿಯಿಂದ. ಆ ಹೊತ್ತಿಗೆ ಹಸಿವಿನಿಂದ ಕಂಗೆಟ್ಟ ಜನಕ್ಕೆ ಪ್ರಾರ್ಥನೆಯ ಆಸಕ್ತಿಯೇ ಉಳಿದಿಲ್ಲ.

ಇದಕ್ಕೆ ಎದುರಾಗಿ ನಮ್ಮ ನೆರೆಯ ಕಲ್ಯಾಣದ ಒಂದು ಶಾಸನವನ್ನು ಇಡಬಹುದು. ಇಂದಿನ ಬಸವಕಲ್ಯಾಣದಲ್ಲಿ ೧೩೨೬ರ ಸುಮಾರಿಗೆ ಸ್ಥಳೀಯ ಗಲಭೆಯಿಂದ ಒಂದು ಶಿವಾಲಯಕ್ಕೆ ಧಕ್ಕೆಯಾಗಿ ಪೂಜೆ ನಿಂತುಹೋಗಿತ್ತು. ಅದನ್ನು ಸರಿಪಡಿಸಿ ಪೂಜೆ ಮುಂದುವರಿಯುವಂತೆ ಮಾಡಿದವರು ಚಾರಿತ್ರಿಕ ಮುಹಮ್ಮದ ತುಘಲಕನ ಅಧಿಕಾರಿಗಳೇ. ಅಶಾಂತಿ ಅಲ್ಲಿಯೂ ಇತ್ತು. ಆದರೆ ಅಲ್ಲಿನ ಆಡಳಿತ ಗಲಭೆಯನ್ನು ಗಲಭೆಯೆಂದು, ಪೂಜೆಯನ್ನು ಪೂಜೆಯೆಂದು ಬೇರೆಬೇರೆಯಾಗಿ ನೋಡಿತು. ಇವೆರಡನ್ನು ಬೇರ್ಪಡಿಸಿ ನೋಡುವ ವಿವೇಕವನ್ನೇ ನಾಟಕದ ಸುಲ್ತಾನ ಕಳೆದುಕೊಂಡಿರುವುದು.

ನಾಟಕದ ಮತ್ತೊಂದು ದೃಶ್ಯ ನಮ್ಮ ಸಾಹಿತ್ಯ ಸಮ್ಮೇಳನಕ್ಕೇ ನೇರವಾಗಿ ಸಂಬಂಧಿಸಿದ್ದು. ತನ್ನನ್ನು ಟೀಕಿಸುವ ಶೇಖ್ ಇಮಾಮುದ್ದೀನನಿಗೆ ಸುಲ್ತಾನ ತಾನೇ ಒಂದು ಬಹಿರಂಗ ಸಭೆ ಏರ್ಪಡಿಸಿ, ಬಂದು ಕೇಳಿರೆಂದು ಜನರನ್ನು ಆಹ್ವಾನಿಸುತ್ತಾನೆ. ಸಭೆಗೆ ಒಬ್ಬರೂ ಬರುವುದಿಲ್ಲ. ಸೈನಿಕರು ಮನೆಮನೆಗೆ ಹೋಗಿ ಜನರನ್ನು ಬೆದರಿಸಿದ್ದರೆಂಬುದು ಆಮೇಲೆ ತಿಳಿಯುತ್ತದೆ. ಬಾಯಲ್ಲಿ ಸ್ವಾತಂತ್ರ್ಯ, ಬೀದಿಯಲ್ಲಿ ಬೆದರಿಕೆ.

ನಿಜಾಮನ ಆಳಿಕೆಯಲ್ಲಿ ಬದುಕಿದ ನಮ್ಮ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಉದಗೀರ, ನಿಲಂಗಾಗಳು ಆಗ ಬೀದರ ಜಿಲ್ಲೆಯಲ್ಲಿದ್ದವು, ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. ೧೯೨೯ರ ಸುಮಾರಿಗೆ ಜಾರಿಗೆ ಬಂದ ‘ಗಸ್ತಿ ನಿಶಾನ್ ೫೩’ ಎಂಬ ಸುತ್ತೋಲೆಯ ಪ್ರಕಾರ ಸಂಸ್ಥಾನದಲ್ಲಿ ಸಾರ್ವಜನಿಕ ಸಭೆ ಸೇರಬೇಕಾದರೆ ಸರ್ಕಾರದ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕಿತ್ತು. ರಾಜಕೀಯ ಸಭೆಗೆ ದಾರಿ ಮುಚ್ಚಿದ್ದರಿಂದ ಕನ್ನಡ, ಮರಾಠಿ, ತೆಲುಗು ಭಾಷಿಕರು ಗ್ರಂಥಾಲಯ, ಶಾಲೆ, ಪರಿಷತ್ತುಗಳ ಹೆಸರಿನಲ್ಲಿ ಕೂಡಿಕೊಂಡರು. ೧೯೩೮ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಣ್ಣು ತೆರೆಯುವ ಮೊದಲೇ ನಿಷೇಧಕ್ಕೊಳಗಾಯಿತು. ಸಿಂದಗಿಯಲ್ಲಿ ಹುಟ್ಟಿ, ಉಮರ್ಗಾ ಸೀಮೆಗೆ ಹತ್ತಿರದ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ಮುಖ್ಯಾಧ್ಯಾಪಕರಾಗಿದ್ದ ಸ್ವಾಮಿ ರಾಮಾನಂದ ತೀರ್ಥರು ಮತ್ತೆ ಮತ್ತೆ ಸೆರೆಮನೆ ಸೇರಿದರು. ಇಂದು ನಾವು ಯಾರನ್ನೂ ಕೇಳದೆ ಸಾಹಿತ್ಯದ ಮಾತಾಡಲು ಸೇರುತ್ತೇವೆಂದರೆ ಅದರ ಹಿಂದೆ ಆ ತಲೆಮಾರಿನ ಕಷ್ಟವಿದೆ.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಮ್ಮ ಓದು ಅರ್ಧವಾಗುತ್ತದೆ. ರಾಜ್ಯದ ಬಲವೆಲ್ಲ ದಬ್ಬಾಳಿಕೆಯೇ, ಭದ್ರತೆಯ ಮಾತೆಲ್ಲ ಕುಂಟುನೆಪವೇ ಎಂದು ಈ ಸೀಮೆಯವರು ಹೇಳಲಾರರು. ರಕ್ಷಿಸುವ ಬಲ ಇಲ್ಲವಾದಾಗ ಏನಾಗುತ್ತದೆಂಬುದನ್ನು ೧೯೪೭-೪೮ರಲ್ಲಿ ಇಲ್ಲಿಯವರು ಕಣ್ಣಾರೆ ಕಂಡರು. ಲಾತೂರಿನಲ್ಲಿ ವಕೀಲಿ ಮಾಡುತ್ತಿದ್ದ ಕಾಸಿಂ ರಜ್ವಿಯ ರಜಾಕಾರರು ಹಳ್ಳಿಹಳ್ಳಿಗಳಲ್ಲಿ ಸುಲಿಗೆ, ಕೊಲೆ ನಡೆಸಿದರು. ೧೯೪೮ರ ಮೇ ತಿಂಗಳಲ್ಲಿ ಗೋರಟಾ ಹತ್ಯಾಕಾಂಡ ನಡೆಯಿತು. ಪ್ರಾಣ ಉಳಿಸಿಕೊಳ್ಳಲು ಜನ ಗಡಿ ದಾಟಿ ಸೊಲ್ಲಾಪುರದ ಕಡೆ ಓಡಿದರು. ಹೈದರಾಬಾದಿನಲ್ಲಿ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ರಜಾಕಾರರ ವಿರುದ್ಧ ಬರೆದುದಕ್ಕಾಗಿ ಆ ವರ್ಷದ ಆಗಸ್ಟಿನಲ್ಲಿ ಕೊಲೆಯಾದರು. ಭದ್ರತೆಯೇ ಇಲ್ಲದಲ್ಲಿ ಸ್ವಾತಂತ್ರ್ಯಕ್ಕೆ ಅರ್ಥವಿರುವುದಿಲ್ಲ.

ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಆ ಭೀತಿಯನ್ನು ಕೊನೆಗಾಣಿಸಿತು. ಅದರ ಬೆನ್ನಿಗೇ ಸೇಡಿನ ಇನ್ನೊಂದು ಅಲೆ ಎದ್ದಿತು. ರಜಾಕಾರರ ಪಾಪಕ್ಕೆ ರಜಾಕಾರರಲ್ಲದ ಸಾವಿರಾರು ಮುಸ್ಲಿಮರು ಬಲಿಯಾದರು. ಭಾರತ ಸರ್ಕಾರವೇ ಕಳುಹಿಸಿದ್ದ ಪಂಡಿತ ಸುಂದರಲಾಲ್ ಸಮಿತಿ, ಸತ್ತವರ ಸಂಖ್ಯೆಯನ್ನು ೨೭,೦೦೦ದಿಂದ ೪೦,೦೦೦ದವರೆಗೆ ಅಂದಾಜು ಮಾಡಿತು. ಹೆಚ್ಚು ಹಾನಿಗೊಳಗಾದವೆಂದು ಅದು ಹೆಸರಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ. ನಮ್ಮ ಮೂರೂ ತಾಲೂಕುಗಳು ಇದರೊಳಗೆ ಬರುತ್ತವೆ. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ನಾಟಕದಲ್ಲಿ ಸುಲ್ತಾನ ತಾನೇ ಇರಿದು ಕೊಂದ ಶಿಹಾಬುದ್ದೀನನನ್ನು ತನ್ನ ರಕ್ಷಣೆಗಾಗಿ ಮಡಿದ ಹುತಾತ್ಮನೆಂದು ಸಾರಲು ಹೊರಡುತ್ತಾನೆ. ಸುಳ್ಳು ಸಾರುವುದು ಮತ್ತು ನಿಜವನ್ನು ಮುಚ್ಚಿಡುವುದು ಒಂದೇ ಅಲ್ಲ. ಆದರೆ ರಾಜ್ಯದ ಹಿತದ ಹೆಸರಿನಲ್ಲಿ ಸತ್ತವರ ಕಥೆಯನ್ನು ಆಳುವವರು ತಮ್ಮ ಸುಪರ್ದಿಯಲ್ಲಿ ಇಟ್ಟುಕೊಳ್ಳುವುದು ಎರಡರಲ್ಲಿಯೂ ಕಾಣುತ್ತದೆ.

ಈ ಕಾರಣದಿಂದ ‘ಸ್ವಾತಂತ್ರ್ಯ ಮತ್ತು ಭದ್ರತೆಯ ಸಮತೋಲನ’ ಎಂಬ ರೂಢಿಯ ಮಾತನ್ನು ವಿಮರ್ಶಕರು ಸ್ವಲ್ಪ ಅನುಮಾನದಿಂದ ನೋಡಬೇಕು. ಅದು ತಕ್ಕಡಿಯ ರೂಪಕ. ಒಂದು ತಟ್ಟೆ ಏರಬೇಕಾದರೆ ಇನ್ನೊಂದು ಇಳಿಯಲೇಬೇಕೆಂದು ಅದು ಮೊದಲೇ ತೀರ್ಮಾನಿಸಿಬಿಡುತ್ತದೆ. ನಮ್ಮ ಅನುಭವ ಹಾಗಿಲ್ಲ. ೧೯೪೮ರ ವರ್ಷದಲ್ಲಿ ಈ ಸೀಮೆಯಲ್ಲಿ ಎರಡೂ ತಟ್ಟೆಗಳು ಒಟ್ಟಿಗೆ ನೆಲಕ್ಕೆ ಬಿದ್ದವು. ತಪ್ಪಿತಸ್ಥರನ್ನು ಗುರುತಿಸಿ, ಅವರನ್ನಷ್ಟೇ ವಿಚಾರಿಸಿ ದಂಡಿಸುವ ನ್ಯಾಯವಿದ್ದರೆ ಎರಡೂ ಒಟ್ಟಿಗೆ ಉಳಿಯುತ್ತವೆ.

ಸ್ವತಂತ್ರ ಭಾರತದ ಕಾನೂನುಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಮುನ್ನೆಚ್ಚರಿಕೆಯ ಬಂಧನಕ್ಕೆ ಸಂವಿಧಾನದ ೨೨ನೆಯ ವಿಧಿಯೇ ಎಡೆಗೊಟ್ಟಿದೆ. ೧೯೫೦ರಲ್ಲಿ, ಗಣರಾಜ್ಯ ಹುಟ್ಟಿದ ತಿಂಗಳೊಪ್ಪತ್ತಿನಲ್ಲಿ, ಮುನ್ನೆಚ್ಚರಿಕೆ ಬಂಧನ ಕಾಯ್ದೆ ಬಂತು. ೧೯೭೧ರಲ್ಲಿ ಮೀಸಾ, ಎಂಬತ್ತರ ದಶಕದಲ್ಲಿ ಟಾಡಾ, ೨೦೦೨ರಲ್ಲಿ ಪೋಟಾ ಬಂದವು. ೧೯೬೭ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ (ಯುಎಪಿಎ) ೨೦೦೪, ೨೦೦೮, ೨೦೧೯ರ ತಿದ್ದುಪಡಿಗಳಿಂದ ಭಯೋತ್ಪಾದನೆ ವಿರೋಧಿ ಕಾನೂನಾಗಿ ಬೆಳೆಯಿತು. ಇವುಗಳ ಹಿಂದೆ ನಿಜವಾದ ರಕ್ತಪಾತವಿದೆ. ೨೦೦೮ರ ನವೆಂಬರಿನಲ್ಲಿ ಮುಂಬಯಿ ಕಂಡದ್ದನ್ನು ಈ ರಾಜ್ಯದ ನಿವಾಸಿಗಳು ಮರೆಯುವಂತಿಲ್ಲ.

ಟಾಡಾ ಏನು ಸಾಧಿಸಿತೆಂಬುದನ್ನು ಕನ್ನಡಿಗರಿಗೆ ಪರಿಚಿತವಾದ ಒಂದು ಪ್ರಕರಣದಿಂದಲೇ ನೋಡಬಹುದು. ವೀರಪ್ಪನ್ ತಂಡ ೧೯೯೨ರಲ್ಲಿ ಪೊಲೀಸ್ ಅಧಿಕಾರಿಗಳಾದ ಹರಿಕೃಷ್ಣ ಮತ್ತು ಶಕೀಲ್ ಅಹಮದರನ್ನು ಕೊಂದಿತು. ಮರುವರ್ಷ ಪಾಲಾರ್ ಬಳಿ ನೆಲಬಾಂಬ್ ಸಿಡಿಸಿ ಇಪ್ಪತ್ತಕ್ಕೂ ಹೆಚ್ಚು ಜನರ ಪ್ರಾಣ ತೆಗೆಯಿತು. ಕಾಡಂಚಿನ ಊರುಗಳಿಂದ ನೂರಕ್ಕೂ ಮಿಕ್ಕಿ ಜನ ಟಾಡಾ ಅಡಿಯಲ್ಲಿ ಬಂಧಿತರಾದರು. ಅನೇಕರು ವರ್ಷಗಟ್ಟಲೆ ಮೈಸೂರಿನ ಜೈಲಿನಲ್ಲಿ ಕೊಳೆತರು. ೨೦೦೧ರಲ್ಲಿ ವಿಶೇಷ ನ್ಯಾಯಾಲಯದ ತೀರ್ಪು ಬಂದಾಗ ಅವರಲ್ಲಿ ಬಹುಪಾಲು ಜನ ನಿರ್ದೋಷಿಗಳೆಂದು ಬಿಡುಗಡೆಯಾದರು. ಅಷ್ಟು ಜನರನ್ನು ಅಷ್ಟು ವರ್ಷ ಕೂಡಿಹಾಕಿದ್ದರೂ ವೀರಪ್ಪನ್ ಸ್ವೇಚ್ಛೆಯಾಗಿಯೇ ಇದ್ದ. ೨೦೦೦ದ ಜುಲೈ ೩೦ರಂದು ಗಾಜನೂರಿನಿಂದ ಡಾ. ರಾಜಕುಮಾರರನ್ನು ಹೊತ್ತೊಯ್ದ.

ಆಗ ನಡೆದದ್ದು ಗಮನಾರ್ಹ. ಅಪಹರಣಕಾರನ ಬೇಡಿಕೆಗೆ ಮಣಿದು, ಬಂಧಿತರ ಮೇಲಿನ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಸರ್ಕಾರ ಮುಂದಾಯಿತು. ಹತ ಅಧಿಕಾರಿ ಶಕೀಲ್ ಅಹಮದರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿನ ಮೊರೆಹೋದರು. ೨೦೦೦ದ ನವೆಂಬರ್ ೭ರಂದು ಕೋರ್ಟು ಸರ್ಕಾರದ ಕ್ರಮವನ್ನು ತಡೆಯಿತು. ಕೆಲವೇ ದಿನಗಳಲ್ಲಿ, ೧೦೮ ದಿನಗಳ ಸೆರೆಯ ನಂತರ, ರಾಜಕುಮಾರರು ಮರಳಿದರು. ಈ ಪ್ರಕರಣದಲ್ಲಿ ಬಂಧಿತರು ಒಳಗಿದ್ದದ್ದು ನ್ಯಾಯನಿರ್ಣಯದಿಂದಲ್ಲ, ಹೊರಗೆ ಬರಬೇಕಾಗಿದ್ದದ್ದೂ ನ್ಯಾಯನಿರ್ಣಯದಿಂದಲ್ಲ. ಒಳಗೆ ಹಾಕುವಾಗ ಸಂಶಯ, ಹೊರಗೆ ಬಿಡುವಾಗ ಒತ್ತಡ. ನಡುವೆ ನ್ಯಾಯಕ್ಕಾಗಿ ನಿಂತವರು ಮಗನನ್ನು ಕಳೆದುಕೊಂಡ ಒಬ್ಬ ತಂದೆ. ಕಾನೂನಿನ ಆಳಿಕೆ ಬೇಕಾಗಿರುವುದು ಆರೋಪಿಗೆ ಮಾತ್ರವಲ್ಲ, ಬಲಿಯಾದವರ ಮನೆಯವರಿಗೂ ಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ.

ಮತ್ತೆ ನಾಟಕಕ್ಕೆ ಬರೋಣ. ಕಾನೂನನ್ನು ಮಾಡುವವನು ಸುಲ್ತಾನ, ಆದರೆ ಅದನ್ನು ಬಳಸುವವನು ಅಜೀಜ. ಈ ಅಗಸ ವೇಷಧಾರಿಯ ಕಥೆಯನ್ನು ಹಾಸ್ಯದ ಉಪಕಥೆಯೆಂದು ನೋಡುವ ರೂಢಿಯಿದೆ. ನನ್ನ ಅಭಿಪ್ರಾಯದಲ್ಲಿ ನಾಟಕದ ರಾಜಕೀಯ ತಿಳಿವಳಿಕೆ ಮಡುಗಟ್ಟಿರುವುದು ಅಲ್ಲಿಯೇ. ದೌಲತಾಬಾದಿನ ದಾರಿಯಲ್ಲಿ ಸಾಯುತ್ತಿರುವ ಮಗುವನ್ನು ವೈದ್ಯನ ಬಳಿಗೆ ಒಯ್ಯಲು ಬೇಡುವ ತಾಯಿಗೆ ಅಧಿಕಾರಿಯಾಗಿರುವ ಅಜೀಜ ಅಪ್ಪಣೆ ಕೊಡುವುದಿಲ್ಲ. ಅವನಿಗೆ ಬೇಕಾದದ್ದು ಲಂಚ. ಸುಲ್ತಾನನ ಕನಸು ಎಷ್ಟೇ ದೊಡ್ಡದಾಗಿರಲಿ, ಆ ತಾಯಿಗೆ ರಾಜ್ಯವೆಂದರೆ ಅಜೀಜ. ಯಾವುದೇ ಕಾಯ್ದೆಯನ್ನು ಅದರ ಪೀಠಿಕೆಯ ಘನ ಉದ್ದೇಶದಿಂದ ಅಳೆಯದೆ, ಅದು ಕಟ್ಟಕಡೆಯ ಅಧಿಕಾರಿಯ ಕೈಗೆ ಏನನ್ನು ಕೊಡುತ್ತದೆ ಎಂಬುದರಿಂದ ಅಳೆಯಬೇಕೆಂಬ ಪಾಠ ಇಲ್ಲಿದೆ.

ಸಾಹಿತ್ಯದ ಓದುಗರು ನೆನಪಿಡಬೇಕಾದ ಒಂದು ಉದಾಹರಣೆ ದಕ್ಷಿಣ ಕನ್ನಡದ ಕುತ್ಲೂರಿನದು. ೨೦೧೨ರ ಮಾರ್ಚಿನಲ್ಲಿ ಅಲ್ಲಿನ ಮಲೆಕುಡಿಯ ಸಮುದಾಯದ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬನನ್ನೂ ಅವನ ತಂದೆಯನ್ನೂ ನಕ್ಸಲ್ ನಂಟಿನ ಆರೋಪದ ಮೇಲೆ ಬಂಧಿಸಿ ಯುಎಪಿಎ ಹೇರಲಾಯಿತು. ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕ, ಪತ್ರಿಕೆಯ ತುಣುಕುಗಳು, ಊರಿಗೆ ಸೌಕರ್ಯ ಸಿಗುವವರೆಗೆ ಚುನಾವಣೆ ಬಹಿಷ್ಕರಿಸುವ ಕರೆಯುಳ್ಳ ಪತ್ರ ಇದ್ದವು. ೨೦೨೧ರ ಅಕ್ಟೋಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ದೋಷಮುಕ್ತಗೊಳಿಸಿತು. ಪುಸ್ತಕ ಇಟ್ಟುಕೊಳ್ಳುವುದು ಅಪರಾಧವಲ್ಲ ಎಂಬ ಮಾತನ್ನು ನ್ಯಾಯಾಲಯದ ಬಾಯಿಂದ ಕೇಳಲು ಒಂಬತ್ತೂವರೆ ವರ್ಷ ಬೇಕಾಯಿತು.

ಇಂಥ ವಿಳಂಬಕ್ಕೆ ಕಾನೂನಿನ ಭಾಷೆಯೇ ಎಡೆಮಾಡುತ್ತದೆ. ಆರೋಪ ‘ಮೇಲ್ನೋಟಕ್ಕೆ ನಿಜ’ ಎಂದು ನಂಬಲು ಆಧಾರವಿದ್ದರೆ ಜಾಮೀನು ಕೊಡಕೂಡದೆಂದು ಯುಎಪಿಎ ಹೇಳುತ್ತದೆ. ತನಿಖೆಗೆ ೧೮೦ ದಿನಗಳವರೆಗೆ ಅವಕಾಶವಿದೆ. ವಿಚಾರಣೆ ಯಾವಾಗ ಮುಗಿಯುವುದೋ ಹೇಳಲಾಗದ ದೇಶದಲ್ಲಿ, ಮೇಲ್ನೋಟದ ನಂಬಿಕೆಯೇ ವರ್ಷಗಳ ಶಿಕ್ಷೆಯಾಗುತ್ತದೆ. ವಿಚಾರಣೆ ಅತಿಯಾಗಿ ತಡವಾದರೆ ಈ ನಿರ್ಬಂಧವಿದ್ದಾಗಲೂ ಜಾಮೀನು ಕೊಡಬಹುದೆಂದು ೨೦೨೧ರ ನಜೀಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಸಮಾಧಾನದ ಸಂಗತಿ. ೨೦೨೫ರ ಜುಲೈನಲ್ಲಿ ಮಹಾರಾಷ್ಟ್ರ ವಿಧಾನಮಂಡಲ ಅಂಗೀಕರಿಸಿದ ವಿಶೇಷ ಸಾರ್ವಜನಿಕ ಭದ್ರತಾ ಮಸೂದೆಯಲ್ಲಿ ಮಾತು, ಬರಹ, ಸಂಜ್ಞೆಗಳೂ ಕಾನೂನುಬಾಹಿರ ಚಟುವಟಿಕೆಯ ವ್ಯಾಖ್ಯೆಯೊಳಗೆ ಬರುತ್ತವೆ. ಬರೆಯುವವರೂ ಓದುವವರೂ ಇಂಥ ವ್ಯಾಖ್ಯೆಗಳನ್ನು ಕವಿತೆಯ ಸಾಲಿನಷ್ಟೇ ಎಚ್ಚರದಿಂದ ಓದಬೇಕು. ಪದ ಸಡಿಲವಾದಷ್ಟೂ ಅಜೀಜನ ಕೈ ಉದ್ದವಾಗುತ್ತದೆ.

‘ತುಘಲಕ್’ ನಾಟಕದ ಮಿತಿಯನ್ನೂ ಹೇಳಬೇಕು. ಅದರ ಅತ್ಯುತ್ತಮ ಮಾತುಗಳೆಲ್ಲ ಅಧಿಕಾರದಲ್ಲಿರುವವನಿಗೇ ಸಿಕ್ಕಿವೆ. ಅವನ ಏಕಾಂತ, ನಿದ್ದೆಯಿಲ್ಲದ ರಾತ್ರಿ, ಕಾವ್ಯಮಯವಾದ ನೋವು ನಮ್ಮನ್ನು ಸೆಳೆಯುತ್ತವೆ. ಪ್ರಾರ್ಥನೆ ಕಳೆದುಕೊಂಡವರ ಒಳಗು ನಮಗೆ ಕೇಳಿಸುವುದಿಲ್ಲ. ಬಂಧಿತನ ಏಕಾಂತಕ್ಕೆ ನಾಟಕದಲ್ಲಿ ಸ್ಥಳವಿಲ್ಲ. ಸುಲ್ತಾನನ ದುರಂತಕ್ಕೆ ಮರುಗುವ ಪ್ರೇಕ್ಷಕರು ಆ ತಾಯಿಯ ಮಗುವನ್ನು ಮರೆತು ಮನೆಗೆ ಹೋಗುವ ಅಪಾಯ ಇಲ್ಲದಿಲ್ಲ.

ಆ ಕೊರತೆಯನ್ನು ತುಂಬಿದ ಬರಹ ಕಾರ್ನಾಡರ ಆಪ್ತ ವಲಯದಿಂದಲೇ ಬಂತು. ೧೯೭೦ರ ‘ಸಂಸ್ಕಾರ’ ಚಿತ್ರದಲ್ಲಿ ಕಾರ್ನಾಡರು ಪ್ರಾಣೇಶಾಚಾರ್ಯರಾಗಿದ್ದರೆ ಸ್ನೇಹಲತಾ ರೆಡ್ಡಿಯವರು ಚಂದ್ರಿಯಾಗಿದ್ದರು. ತುರ್ತುಪರಿಸ್ಥಿತಿಯಲ್ಲಿ, ೧೯೭೬ರ ಮೇ ತಿಂಗಳಲ್ಲಿ, ಬರೋಡಾ ಡೈನಮೈಟ್ ಪ್ರಕರಣದ ಸಂಬಂಧ ಅವರನ್ನು ಬಂಧಿಸಿ, ಮೀಸಾ ಅಡಿಯಲ್ಲಿ ಬೆಂಗಳೂರಿನ ಜೈಲಿನಲ್ಲಿ ಇಡಲಾಯಿತು. ಅದಕ್ಕೆ ಕೆಲವೇ ದಿನಗಳ ಹಿಂದೆ, ಏಪ್ರಿಲ್ ೨೮ರಂದು, ತುರ್ತುಪರಿಸ್ಥಿತಿಯಲ್ಲಿ ಬಂಧನವನ್ನು ಪ್ರಶ್ನಿಸಿ ಕೋರ್ಟಿಗೆ ಹೋಗುವ ಹಕ್ಕು ಯಾರಿಗೂ ಇಲ್ಲವೆಂದು ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಸಾರಿತ್ತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಆಸ್ತಮಾದಿಂದ ನರಳುತ್ತಿದ್ದ ಸ್ನೇಹಲತಾ ಜೈಲಿನಲ್ಲಿ ದಿನಚರಿ ಬರೆದರು. ೧೯೭೭ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಮುಂದೆಂದೂ ಅಮಾನತಿನಲ್ಲಿಡದಂತೆ ೧೯೭೮ರ ೪೪ನೆಯ ತಿದ್ದುಪಡಿ ಬೇಲಿ ಹಾಕಿತು. ಹಳೆಯ ತೀರ್ಪನ್ನು ಸುಪ್ರೀಂ ಕೋರ್ಟು ತಾನೇ ತಳ್ಳಿಹಾಕಿದ್ದು ೨೦೧೭ರಲ್ಲಿ. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ನಾಟಕದೊಳಗೆ ಇಲ್ಲದ ದನಿ ಆ ದಿನಚರಿಯಲ್ಲಿದೆ. ಎರಡನ್ನೂ ಜೊತೆಗಿಟ್ಟು ಓದಿದಾಗಲೇ ‘ತುಘಲಕ್’ ಪೂರ್ಣವಾಗುತ್ತದೆ ಎಂಬುದು ಈ ಲೇಖನದ ವಾದ.

ಭದ್ರತೆಯ ಯಾವ ಕಾನೂನಿಗೂ ಈ ಓದಿನಿಂದ ಮೂರು ಪ್ರಶ್ನೆಗಳನ್ನು ಹಾಕಬಹುದು. ಕಠಾರಿ ಹಿಡಿದವನನ್ನೂ ಪ್ರಾರ್ಥನೆಗೆ ಬಂದವನನ್ನೂ ಅದು ಬೇರೆಬೇರೆಯಾಗಿ ಗುರುತಿಸುತ್ತದೆಯೇ? ಹಿಡಿಯಲ್ಪಟ್ಟವನು ‘ಏಕೆ?’ ಎಂದು ಸ್ವತಂತ್ರ ನ್ಯಾಯಾಧೀಶರೆದುರು ಬೇಗನೆ ಕೇಳಬಲ್ಲನೇ? ಅದಕ್ಕೊಂದು ಅವಧಿಯಿದೆಯೇ? ಟಾಡಾ ಕಾಯ್ದೆಗೆ ಕಾಲಮಿತಿಯಿತ್ತು. ೧೯೯೫ರಲ್ಲಿ ಅದನ್ನು ಮುಂದುವರಿಸಬೇಕೇ ಎಂದು ದೇಶ ಯೋಚಿಸಬೇಕಾಗಿ ಬಂದದ್ದು, ಬೇಡವೆಂದು ಬಿಟ್ಟದ್ದು ಆ ಮಿತಿಯ ದೆಸೆಯಿಂದಲೇ. ಯುಎಪಿಎ ಕಾಯ್ದೆಗೆ ಅಂಥ ಮಿತಿಯಿಲ್ಲ. ಈ ಪ್ರಶ್ನೆಗಳು ದೇಶದ ವೈರಿಗಳ ಪರವಾದವಲ್ಲ. ನಿರಪರಾಧಿಯನ್ನು ಹಿಡಿದಿಟ್ಟ ಪ್ರತಿ ದಿನವೂ ಅಪರಾಧಿ ಹೊರಗೆ ತಿರುಗಾಡುತ್ತಾನೆಂಬುದು ಕಾಡಂಚಿನ ಪ್ರಕರಣದಿಂದ ಸಿದ್ಧವಾಗಿದೆ.

‘ತುಘಲಕ್’ ನಾಟಕವನ್ನು ವಿಜಯ ತೆಂಡೂಲ್ಕರರು ಮರಾಠಿಗೆ ತಂದಿದ್ದಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂದು ಬೆಳೆಯುವ ನಮ್ಮ ಮಕ್ಕಳಿಗೆ ಎರಡು ಪಾಠಗಳೂ ಕೈಗೆಟುಕುತ್ತವೆ. ಮುಂದಿನ ಸಮ್ಮೇಳನದಲ್ಲಿ ಸಂಘದ ತರುಣರು ಎರಡು ದೃಶ್ಯಗಳನ್ನಾದರೂ ರಂಗಕ್ಕೆ ತರಲಿ: ಜನವಿಲ್ಲದ ಸಭೆ ಮತ್ತು ನಿಷೇಧಗೊಂಡ ಪ್ರಾರ್ಥನೆ. ನೋಡುವವರಲ್ಲಿ ಗಸ್ತಿಯ ಕಾಲವನ್ನೂ ರಜಾಕಾರರ ಕಾಲವನ್ನೂ ಹಿರಿಯರ ಬಾಯಿಂದ ಕೇಳಿದವರು ಇನ್ನೂ ಇದ್ದಾರೆ. ನಾಟಕ ಮುಗಿದ ಮೇಲೆ ಅವರ ಮಾತಿಗೂ ಅರ್ಧ ಗಂಟೆ ತೆಗೆದಿಡಬೇಕು.